ಚೈತ್ರಾ ಅಕ್ಕ ಐದು ಲಕ್ಷ ಬೇಡ ಅಂದದ್ದು ಸರಿ

2025ರ ನವೆಂಬರ್ 2ರಂದು ನಮ್ಮ ದೇಶದ ಹೆಣ್ಮಕ್ಕಳು ಕ್ರಿಕೆಟ್ ವಿಶ್ವಕಪ್ ಗೆದ್ದದ್ದು ಎಲ್ಲರಿಗೂ ಗೊತ್ತು. ಆದರೆ ಅದೇ ವರ್ಷ ಜನವರಿಯಲ್ಲಿ ಇನ್ನೊಂದು ವಿಶ್ವಕಪ್ ಗೆದ್ದಿದ್ದರು. ಯಾವುದು ಹೇಳಿ ನೋಡುವಾ? ನಮ್ಮ ತರಗತಿಯಲ್ಲಿ ಕೇಳಿದೆ, ಮೂವರು ಮಾತ್ರ ಕೈ ಎತ್ತಿದರು. ಅದರಲ್ಲಿ ಒಬ್ಬ ಕಬಡ್ಡಿ ಅಂದ. ಕಬಡ್ಡಿ ಗೆದ್ದದ್ದೂ ಹೌದು, ಆದರೆ ಅದು ನವೆಂಬರಿನಲ್ಲಿ. ಜನವರಿಯಲ್ಲಿ ಗೆದ್ದದ್ದು ಖೋ ಖೋ. ನಾವು ದಿನಾ ಆಡುವ ಖೋ ಖೋ!

ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಜನವರಿ 13ರಿಂದ 19ರವರೆಗೆ ಖೋ ಖೋ ಆಟದ ಮೊದಲನೇ ವಿಶ್ವಕಪ್ ನಡೆಯಿತು. ಹೆಣ್ಮಕ್ಕಳ ವಿಭಾಗದಲ್ಲಿ 19 ದೇಶಗಳು ಬಂದಿದ್ದವು. ನಮ್ಮವರು ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾವನ್ನು 175–18ರಲ್ಲಿ ಸೋಲಿಸಿದರು. ಪಾಪ ಅನ್ನಿಸಿತು, ಅವರು ಈಗಷ್ಟೇ ಕಲಿತವರು. ಫೈನಲ್‌ನಲ್ಲಿ ನೇಪಾಳವನ್ನು 78–40ರಲ್ಲಿ ಸೋಲಿಸಿದರು. ನಾಯಕಿ ಮಹಾರಾಷ್ಟ್ರದ ಪ್ರಿಯಾಂಕಾ ಇಂಗ್ಳೆ. ಆದರೆ ಫೈನಲ್ ಪಂದ್ಯದ ಉತ್ತಮ ಆಟಗಾರ್ತಿ ಅಂತ ಬಹುಮಾನ ಸಿಕ್ಕಿದ್ದು ನಮ್ಮ ಕರ್ನಾಟಕದ ಬಿ. ಚೈತ್ರಾಗೆ. ಅವಳು ಮೈಸೂರು ಜಿಲ್ಲೆ ತಿ. ನರಸೀಪುರ ತಾಲೂಕಿನ ಕುರುಬೂರು ಎಂಬ ಹಳ್ಳಿಯವಳು, ರೈತರ ಮಗಳು. ಬೆಂಗಳೂರಿನವಳಲ್ಲ, ನಮ್ಮ ಹಾಗೇ ಹಳ್ಳಿಯವಳು ಅಂತ ಓದಿ ನನಗೆ ಭಾರೀ ಖುಷಿಯಾಯ್ತು.

ಅವಳು ಮಾಡಿದ್ದು ಏನು ಅಂತ ಖೋ ಖೋ ಆಡುವವರಿಗೆ ಮಾತ್ರ ಸರಿಯಾಗಿ ಅರ್ಥ ಆಗ್ತದೆ. ಮೂರು ಜನ ಓಡುವವರು ಒಳಗೆ ಹೋಗ್ತಾರಲ್ಲ, ಅವರು ಮೂರು ನಿಮಿಷ ಪೂರ್ತಿ ಔಟಾಗದೆ ಉಳಿದರೆ ಅಲ್ಲಿ ಒಂದು ಪಾಯಿಂಟ್. ಆಮೇಲೆ ಅರ್ಧರ್ಧ ನಿಮಿಷಕ್ಕೆ ಒಂದೊಂದು. ಇದಕ್ಕೆ ಡ್ರೀಮ್ ರನ್ ಅಂತಾರೆ. ಕೊನೆಯ ಸರದಿಯಲ್ಲಿ ಚೈತ್ರಾ ಇದ್ದ ಗುಂಪು 5 ನಿಮಿಷ 14 ಸೆಕೆಂಡ್ ಉಳಿಯಿತು. 73 ಇದ್ದದ್ದು 78 ಆಯ್ತು. ನಾನು ಎರಡು ನಿಮಿಷ ಓಡುವಷ್ಟರಲ್ಲಿ ಹೊಟ್ಟೆ ಹಿಡ್ಕೊಂಡು ಕೂತುಬಿಡ್ತೇನೆ. ಅವರಿಗೆ ಮ್ಯಾಟ್ ಇತ್ತು, ನಮಗೆ ಚಿರೆಕಲ್ಲಿನ ನೆಲ ಅಂತ ನೆಪ ಹೇಳಬಹುದು. ಆದರೂ ಐದು ನಿಮಿಷ ಅಂದ್ರೆ ಐದು ನಿಮಿಷವೇ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಗೆದ್ದು ಬಂದ ಮೇಲೆ ನಮ್ಮ ರಾಜ್ಯ ಸರ್ಕಾರ ಚೈತ್ರಾಗೂ ಗಂಡುಮಕ್ಕಳ ತಂಡದಲ್ಲಿದ್ದ ಎಂ.ಕೆ. ಗೌತಮ್‌ಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಇಬ್ಬರೂ ಬೇಡ ಅಂದುಬಿಟ್ಟರು! ಯಾಕೆಂದರೆ ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಕೊಡ್ತೇವೆ ಅಂದಿತ್ತು. ಆಟ ಒಂದೇ, ಕಪ್ ಒಂದೇ.

ಇದನ್ನು ಪೇಪರಿನಲ್ಲಿ ಓದಿ ಅಜ್ಜಿಗೆ ಹೇಳಿದೆ. ಅಜ್ಜಿ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ತಾ ಇದ್ರು. "ಐದ್ ಲಕ್ಷ ಬ್ಯಾಡ ಅಂದ್ಲಾ? ಎಂತಾ ಸೊಕ್ಕು ಮಾರಾಯ್ತಿ!" ಅಂದರು. ಒಂದು ಮೊಳ ಕಟ್ಟಿದರೆ ಎಷ್ಟು ಸಿಗ್ತದೆ ಅಂತ ಅಜ್ಜಿಗೆ ಗೊತ್ತು, ಅದಕ್ಕೇ ಹಾಗೆ ಅಂದದ್ದು. ಸುಳ್ಳು ಯಾಕೆ ಹೇಳಲಿ, ಮೊದಲು ನನಗೂ ಹಾಗೇ ಅನ್ನಿಸಿತ್ತು. 5 ಲಕ್ಷದಲ್ಲಿ ನಮ್ಮ ಮಾಡಿನ ಹಂಚು ಪೂರಾ ಬದಲಾಯಿಸಿ ಇನ್ನೂ ಉಳಿಯುತ್ತಿತ್ತು.

ಆಮೇಲೆ ನನ್ನ ದೊಡ್ಡಪ್ಪನ ಮಗಳ ನೆನಪಾಯಿತು. ಅವಳ ಹಾಗೆ ಕಂಬ ಸುತ್ತುವವರನ್ನು ನಾನು ನೋಡಿಲ್ಲ. ತಾಲೂಕು ಮಟ್ಟದಲ್ಲಿ ಆಡಿದ್ದಳು. ಹತ್ತನೇ ತರಗತಿ ಮುಗಿದ ಮೇಲೆ ಆಟ ಬಿಡಿಸಿದರು. ಯಾರೂ ಬೈದು ಬಿಡಿಸಿದ್ದಲ್ಲ. "ಓಡಿದ್ರೆ ಹೊಟ್ಟೆ ತುಂಬ್ತದಾ?" ಅಂತ ಒಂದೇ ಪ್ರಶ್ನೆ ಕೇಳಿದರು. ಅವಳ ಹತ್ತಿರ ಉತ್ತರ ಇರಲಿಲ್ಲ. ಈಗ ಅವಳೂ ಮಲ್ಲಿಗೆ ಕಟ್ತಾಳೆ. ಕೈ ಮಾತ್ರ ಈಗಲೂ ಭಾರೀ ಚುರುಕು.

ನಾನು ಮುಂದಿನ ವರ್ಷ ಹೈಸ್ಕೂಲಿಗೆ ಹೋಗುವವಳು. ನನ್ನ ಮನೆಯಲ್ಲೂ ಆ ಪ್ರಶ್ನೆ ಶುರುವಾಗಿದೆ. ಸರ್ಕಾರಿ ನೌಕರಿ ಎಂಬುದು ಆ ಪ್ರಶ್ನೆಗೆ ಉತ್ತರ. 5 ಲಕ್ಷ ಒಂದು ಸಲ ಬಂದು ಖರ್ಚಾಗಿ ಹೋಗ್ತದೆ. ಆದರೆ "ಖೋ ಖೋ ಆಡಿದ ಹುಡುಗಿಗೆ ನೌಕರಿ ಸಿಕ್ಕಿತಂತೆ" ಅಂತ ಊರಿಗೆ ಸುದ್ದಿ ಬಂದರೆ ಎಷ್ಟು ಮನೆಯಲ್ಲಿ ಹುಡುಗೀರನ್ನು ಆಡಲಿಕ್ಕೆ ಬಿಡುತ್ತಾರೆ! ಅದಕ್ಕೇ ಚೈತ್ರಾ ಬೇಡ ಅಂದದ್ದು ಸೊಕ್ಕು ಅಲ್ಲ ಅಂತ ನನ್ನ ವಾದ. ಸುಮ್ಮನೆ ತೆಗೆದುಕೊಂಡಿದ್ದರೆ ನಾಳೆ ಆಡುವವರಿಗೂ ಅಷ್ಟೇ ಸಾಕು ಅಂತ ಆಗುತ್ತಿತ್ತು.

ಆದರೆ 2.25 ಕೋಟಿಯೇ ಬೇಕು ಅಂತ ನಾನು ಹೇಳುವುದಿಲ್ಲ. ಅದು ಬಹಳ ಆಯ್ತು. ಸರ್ಕಾರಕ್ಕೆ ಶಾಲೆ ಕಟ್ಟಬೇಕು, ರಸ್ತೆ ಮಾಡಬೇಕು. ದುಡ್ಡು ಕಡಿಮೆ ಕೊಡಲಿ, ನೌಕರಿ ಕೊಡಲಿ. ನಮ್ಮ ತರಗತಿಯ ಒಬ್ಬ ಹುಡುಗ, "ಖೋ ಖೋ ನೋಡ್ಲಿಕ್ಕೆ ಯಾರು ಬರ್ತಾರೆ, ಕ್ರಿಕೆಟ್ಟಿಗೆ ಆದ್ರೆ ಜನ ಬರ್ತಾರೆ" ಅಂದ. ಅವನು ಹೇಳಿದ್ದೂ ಖರೆ. ಆದರೆ ಟಿ.ವಿ.ಯಲ್ಲಿ ದಿನಾ ತೋರಿಸಿದ್ದನ್ನೇ ಜನ ನೋಡುವುದು. ಬ್ಯಾಟು, ಪ್ಯಾಡು, ಗ್ಲೌಸು ತಗೊಳ್ಳಲಿಕ್ಕೆ ನಮ್ಮಲ್ಲಿ ಎಷ್ಟು ಮನೆಯವರಿಂದ ಆಗ್ತದೆ? ಖೋ ಖೋಗೆ ಎರಡು ಕಂಬ ಸಾಕು. ಕುರುಬೂರಲ್ಲೂ ಹಾಗೇ ಶುರುವಾಗಿರಬೇಕು.

ಮೊನ್ನೆ ಅಣ್ಣನ ಮೊಬೈಲಿನಲ್ಲಿ ಫೈನಲ್ ಪಂದ್ಯವನ್ನು ಅಜ್ಜಿಗೆ ತೋರಿಸಿದೆ. ಅಜ್ಜಿ ಹೂ ಬಿಟ್ಟು ನೋಡಿದರು. ಚೈತ್ರಾ ಯಾರು ಅಂತ ಎರಡು ಸಲ ಕೇಳಿದರು. ಕಡೆಗೆ "ಆ ಹುಡ್ಗಿ ಉಸ್ರು ಯಾವಾಗ ತಕಂತದೆ?" ಅಂದರು. ಐದು ಲಕ್ಷದ ಮಾತು ಮತ್ತೆ ತೆಗೆಯಲಿಲ್ಲ.

ಕೊನೆಗೆ ಒಂದು ಸೂಚನೆ. ಮಳೆಗಾಲದಲ್ಲಿ ನಮ್ಮ ಅಂಗಳದ ರಸ್ತೆ ಬದಿಯ ಕಂಬ ಸಡಿಲ ಆದದ್ದು ಹಾಗೇ ಇದೆ. ಹಿಡಿದು ತಿರುಗಿದರೆ ಅಲ್ಲಾಡುತ್ತದೆ. ಶನಿವಾರ ಶಾಲೆ ಬಿಟ್ಟ ಮೇಲೆ ಬುಡಕ್ಕೆ ಕಲ್ಲು ಹಾಕಿ ಗಟ್ಟಿ ಮಾಡುವಾ ಅಂತ ಅಕ್ಕೋರ ಹತ್ತಿರ ಕೇಳಿದ್ದೇವೆ, ಆಯ್ತು ಅಂದಿದ್ದಾರೆ. ಹಾರೆ ಇದ್ದವರು ತನ್ನಿ. ಹುಡುಗರೂ ಬರಬಹುದು.

– ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ, ಬೆಳಕೆ