ಆಧಾರದೊಡನೆ ನಡಿಗೆ

ಕೂಸಿಗೆ ಎರಡು ವರ್ಷ ತುಂಬಿದರೂ ಕಾಲು ನೆಲಕ್ಕೂರದಿದ್ದಲ್ಲಿ, ಪೂರ್ವಕರ್ಮವೆಂದು ಸುಮ್ಮನಿರುವ ವಾಡಿಕೆಯು ನಮ್ಮ ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಉಂಟು. ವೈದ್ಯರು ಸೆರೆಬ್ರಲ್ ಪಾಲ್ಸಿಯೆಂದು ಹೆಸರಿಸುವ ಸ್ಥಿತಿಯು ಶಾಪವೂ ಅಲ್ಲ, ಅಂಟುರೋಗವೂ ಅಲ್ಲ. ಗರ್ಭದಲ್ಲಾಗಲಿ, ಹೆರಿಗೆಯಲ್ಲಾಗಲಿ, ಶೈಶವದಲ್ಲಾಗಲಿ ಬೆಳೆಯುವ ಮಿದುಳಿಗೆ ಒದಗಿದ ಪೆಟ್ಟಿನಿಂದ ಸ್ನಾಯುಗಳ ಹತೋಟಿಯು ಕುಂದುವುದು. ಕಷ್ಟದ ಹೆರಿಗೆಗೂ ಇದಕ್ಕೂ ಇರುವ ಸಂಬಂಧವನ್ನು ಲಂಡನ್ನಿನ ವೈದ್ಯನಾದ ವಿಲಿಯಂ ಜಾನ್ ಲಿಟಲ್ ಎಂಬಾತನು 1861ರಲ್ಲಿಯೇ ವಿವರಿಸಿದನು.

ಮಿದುಳಿಗಾದ ಆ ಪೆಟ್ಟು ಮಾಯುವುದಿಲ್ಲ. ಆದರೂ ಅಭ್ಯಾಸದಿಂದ ಮಿದುಳು ಹೊಸದನ್ನು ಕಲಿಯಬಲ್ಲದು. ಪರರು ಕಾಲನ್ನು ನೀವಿ ಎಳೆಯುವುದಕ್ಕಿಂತಲೂ ಮಗುವು ತಾನೇ ಹೆಜ್ಜೆಯಿಡುವ ಅಭ್ಯಾಸವು ಹೆಚ್ಚು ಫಲಕಾರಿಯೆಂಬುದು ಇಂದಿನ ಸಂಶೋಧನೆಗಳ ಮತವು. ಅದಕ್ಕಾಗಿಯೇ ದೇಹದ ಭಾರವನ್ನು ಕೊಂಚ ಎತ್ತಿ ಹಿಡಿಯುವ ಪಟ್ಟಿಗಳು, ಬೆನ್ನ ಹಿಂದೆ ಉರುಳುವ ಗಾಲಿಯ ವಾಕರು, ಇಕ್ಕೆಲದ ಹಿಡಿಗಂಬಿಗಳು ಉಪಯೋಗದಲ್ಲಿರುವುವು.

ಚಂದ್ರಬಂಡದ ಕೂಲಿಕಾರ ತಾಯಿಯೊಬ್ಬಳು ಬೆಳೆದ ಮಗುವನ್ನು ಕಂಕುಳಲ್ಲೆತ್ತಿ ರಾಯಚೂರಿಗೆ ಬಂದಳೆಂದರೆ ಆ ದಿನದ ಕೂಲಿಯು ಹೋದಂತೆಯೇ. ವಾರಕ್ಕೊಮ್ಮೆ ಅರ್ಧ ತಾಸು ನಡೆದ ಮಗುವು ಮಿಕ್ಕ ಆರು ದಿನ ಹೊರಸಿನ ಮೇಲೆಯೇ ಇದ್ದರೆ ಫಲವೇನು? ಆದುದರಿಂದ ಆಧಾರದ ನಡಿಗೆಯು ಆಸ್ಪತ್ರೆಯಿಂದ ಊರ ಶಾಲೆಗೂ ಅಂಗನವಾಡಿಗೂ ಬರತಕ್ಕದ್ದು. ಮಗುವಿನ ಸೊಂಟದೆತ್ತರಕ್ಕೆ ಎರಡು ಗಟ್ಟಿ ಗಂಬಿಗಳನ್ನು ನೆಡಿಸುವುದು ಪಂಚಾಯತಿಗೆ ಅಸಾಧ್ಯವಲ್ಲ. ತಿಳಿಯದೆ ನಡೆಯಿಸಿದರೆ ಅಪಾಯವೆಂಬ ಆಕ್ಷೇಪವು ನ್ಯಾಯವಾದುದೇ. ಸೊಂಟದ ಕೀಲು ಜಾರುವುದು ಇಂಥ ಮಕ್ಕಳಲ್ಲಿ ಅಪರೂಪವಲ್ಲ. ಆದಕಾರಣ ವೈದ್ಯರೂ ಫಿಜಿಯೋಥೆರಪಿ ಬಲ್ಲವರೂ ಮೊದಲು ಪರೀಕ್ಷಿಸಿ, ಕ್ರಮವನ್ನು ತಾಯಿಗೂ ಶಿಕ್ಷಕಿಗೂ ಕಲಿಸಿ, ಆಗಾಗ ಬಂದು ನೋಡತಕ್ಕದ್ದು.

ಇನ್ನೊಂದು ಮಾತು. ಈ ಮಕ್ಕಳ ಚಲನಶಕ್ತಿಯನ್ನು ತಜ್ಞರು ಐದು ದರ್ಜೆಗಳಾಗಿ ವಿಂಗಡಿಸಿರುವರು. ಕೊನೆಯ ದರ್ಜೆಯವರಿಗೆ ಗಾಲಿಕುರ್ಚಿಯೇ ಗತಿಯು. ನಡೆಯಲು ಬಂದ ಮೇಲೆ ಶಾಲೆಗೆ ಕಳುಹಿಸುವೆವೆಂದರೆ ಇವರು ಎಂದಿಗೂ ಅಕ್ಷರ ಕಾಣರು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸೆರೆಬ್ರಲ್ ಪಾಲ್ಸಿಯನ್ನು 21 ಬಗೆಯ ವೈಕಲ್ಯಗಳಲ್ಲಿ ಎಣಿಸಿ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಆ ಹಕ್ಕಿಗೆ ನಡಿಗೆಯ ಷರತ್ತಿಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ರಜೆಯಲ್ಲಿ ನಿಮ್ಮ ನಿಮ್ಮ ಊರುಗಳಿಗೆ ಹೋದಾಗ, ಒಳಕೋಣೆಯಲ್ಲಿ ಕುಳಿತಿರುವ ಇಂಥ ತಂಗಿಯೋ ತಮ್ಮನೋ ಇರುವನೇ ಎಂದು ವಿಚಾರಿಸಿರಿ. ಇದ್ದರೆ ಆ ತಾಯಿಗೆ ಈ ಹಕ್ಕನ್ನು ತಿಳಿಸಿ, ಶಾಲೆಯ ದಾಖಲೆಗೆ ಆಕೆಯೊಡನೆ ನೀವೂ ಹೋಗಿರಿ.