ಮುಳುಗದವರ ಡೈವ್ ವಾಚು

ಹೈದರಾಬಾದಿನಿಂದ ಸಮುದ್ರ ನೋಡಬೇಕೆಂದರೆ ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕು. ಹಾಗಿದ್ದೂ ನಾನಿರುವ ಮೆಹದಿಪಟ್ಟಣಂ, ಪಕ್ಕದ ಟೋಲಿಚೌಕಿಯ ವಾಚ್ ರಿಪೇರಿ ಅಂಗಡಿಗಳ ಗಾಜಿನ ಪೆಟ್ಟಿಗೆಗಳಲ್ಲಿ ಡೈವ್ ವಾಚುಗಳು, ಅಂದರೆ ನೀರಿನಾಳಕ್ಕೆ ಇಳಿಯುವವರಿಗೆಂದು ಮಾಡಿದ ಕೈಗಡಿಯಾರಗಳು, ಆಗಾಗ ಕಣ್ಣಿಗೆ ಬೀಳುತ್ತವೆ. ಅವು ಬಂದದ್ದು ಕಡಲಾಚೆಯಿಂದ. ಎಪ್ಪತ್ತರ ದಶಕದಲ್ಲಿ ತೈಲದ ಬೆಲೆ ಏರಿದ ಮೇಲೆ ಈ ಕಡೆಯಿಂದ ಸೌದಿಗೆ, ದುಬೈಗೆ ದುಡಿಯಲು ಹೋದವರು ರಜೆಗೆ ಬರುವಾಗ ತಂದ ಸಾಮಾನಿನಲ್ಲಿ ಸೀಕೋ, ಸಿಟಿಜನ್, ರಿಕೋಗಳೂ ಇರುತ್ತಿದ್ದವು. ಭಟ್ಕಳ, ಮಂಗಳೂರು, ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಮನೆಯ ಬೀರುವಿನಲ್ಲೂ ನಿಂತುಹೋದ ಒಂದು ಸೀಕೋ ಇದ್ದೀತು.

ಬೆಂಗಳೂರಿನ ಎಚ್‌ಎಂಟಿ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ, ಸಾಕಷ್ಟು ಕಣ್ಣೀರೂ ಹಾಕಿದ್ದೇವೆ. ಗಲ್ಫಿನಿಂದ ಬಂದ ಈ ದಪ್ಪ ವಾಚುಗಳ ಬಗ್ಗೆ ಬರೆದವರು ಕಡಿಮೆ.

ಡೈವ್ ವಾಚಿನಲ್ಲಿ ನನಗೆ ಹಿಡಿಸಿದ್ದು ಅದರ ವ್ಯಾಕರಣ. ಅದರಲ್ಲಿ ಸುಮ್ಮನೆ ಇರುವುದು ಬಹಳ ಕಡಿಮೆ. ಸೀಕೋ 1996ರಿಂದ 2019ರವರೆಗೆ ಮಾಡಿದ ಎಸ್‌ಕೆಎಕ್ಸ್007 ತೆಗೆದುಕೊಳ್ಳಿ. ಅದರ ಹೊರಬಳೆ ಒಂದೇ ದಿಕ್ಕಿಗೆ ತಿರುಗುತ್ತದೆ. ನೀರಿಗಿಳಿಯುವಾಗ ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿಕೊಂಡರೆ ಎಷ್ಟು ಹೊತ್ತಾಯಿತೆಂದು ನೋಡಿದ ಕೂಡಲೇ ತಿಳಿಯುತ್ತದೆ. ಅಕಸ್ಮಾತ್ ಬಂಡೆಗೆ ತಾಗಿ ಬಳೆ ಜರುಗಿದರೂ ಕಳೆದ ಹೊತ್ತನ್ನು ಹೆಚ್ಚಾಗಿ ತೋರಿಸಬಲ್ಲದೇ ಹೊರತು ಕಡಿಮೆಯಾಗಿ ಅಲ್ಲ. ಮುಳುಗಿದವನು ಬೇಗ ಮೇಲೆ ಬರುತ್ತಾನೆ, ಅಷ್ಟೆ. ರಷ್ಯಾದ ಚಿಸ್ತೊಪೋಲ್‌ನಲ್ಲಿ 1967ರಿಂದ ತಯಾರಾಗುತ್ತಿರುವ ವೊಸ್ತೋಕ್ ಆಂಫಿಬಿಯಾ ಇನ್ನೂ ಜಾಣ. ಆಳಕ್ಕೆ ಹೋದಷ್ಟೂ ನೀರಿನ ಒತ್ತಡವೇ ಅದರ ಸೀಲನ್ನು ಬಿಗಿ ಮಾಡುತ್ತದೆ. ರೋಲೆಕ್ಸ್ ಕೊಳ್ಳಲಾಗದವರಿಗೆ ಇಂಥ ಬುದ್ಧಿ ಅಗ್ಗದಲ್ಲಿ ಸಿಕ್ಕಿತು.

ಅಂದಹಾಗೆ, ನೀರಿಗೂ ಗಡಿಯಾರಕ್ಕೂ ನಮ್ಮಲ್ಲಿ ಹಳೆಯ ನಂಟು. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ, ಎಂದು ಎಣಿಸುತ್ತಿದ್ದರು. ನಮ್ಮ ಗಳಿಗೆಗೂ ಇಲ್ಲಿನ ದಖನಿಯ 'ಘಡಿ'ಗೂ ಮೂಲ ಆ ಪುಟ್ಟ ಪಾತ್ರೆಯೇ, ಸಂಸ್ಕೃತದ ಘಟಿಕಾ.

ಹಳೆಯ ಡೈವ್ ವಾಚನ್ನು ಕೊಳ್ಳುವವರು ಮೊದಲು ಓದಲು ಕಲಿಯಬೇಕು ಎಂಬುದು ನನ್ನ ವಾದ. ಸೀಕೋದ ಬೆನ್ನು ಒಂದು ಶಾಸನವಿದ್ದಂತೆ. ಅಲ್ಲಿರುವ ಸೀರಿಯಲ್ ನಂಬರಿನ ಮೊದಲ ಅಂಕಿ ತಯಾರಾದ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. ನವೆಂಬರ್, ಡಿಸೆಂಬರ್‌ಗಳಿಗೆ ಎನ್, ಡಿ ಅಕ್ಷರಗಳು. ಯಾವ ದಶಕವೆಂದು ಮಾತ್ರ ಮಾಡೆಲ್ ನೋಡಿ ನಾವೇ ಊಹಿಸಬೇಕು. ಡಯಲ್ಲಿನ ಕೆಳಅಂಚಿನ ಪುಟ್ಟ ಅಕ್ಷರಗಳೂ ಬೆನ್ನಿನ ನಂಬರೂ ಒಂದಕ್ಕೊಂದು ಹೊಂದಬೇಕು. ಎಲ್ಲೂ ಇಲ್ಲದ ಕಿತ್ತಳೆ-ಹಸಿರು ಡಯಲ್, ದಪ್ಪಗೆ ಹರಡಿದ ಅಕ್ಷರ ಕಂಡರೆ ಅದು ಮತ್ತೆ ಬಳಿದ ಡಯಲ್ಲು. ವಿದೇಶದ ಸಂಗ್ರಾಹಕರು ಇದಕ್ಕೆ 'ಮುಂಬೈ ಸ್ಪೆಷಲ್' ಎಂದು ಹೆಸರಿಟ್ಟಿದ್ದಾರೆ. ನಮ್ಮನ್ನು ಮೆಚ್ಚಿ ಇಟ್ಟ ಹೆಸರೇನೂ ಅಲ್ಲ.

ಆ ಡಯಲ್ ಬಳಿದ ಕುಶಲಕರ್ಮಿಯನ್ನು ನಾನು ದೂರುವುದಿಲ್ಲ. ಹೊಸದರಂತೆ ಕಾಣುವ ವಾಚು ಕೇಳಿದವರು ನಾವು. ಗ್ರಂಥಸಂಪಾದನೆ ಓದಿದವರಿಗೆ ಈ ಕಷ್ಟ ಗೊತ್ತು. ಲಿಪಿಕಾರನಿಗೆ ಅರ್ಥವಾಗದ ಪದ ಎದುರಾದಾಗ ಅದನ್ನು ಹಾಗೇ ನಕಲು ಮಾಡಿದರೆ ಮುಂದೆ ಯಾರಾದರೂ ಬಿಡಿಸಿಯಾರು. 'ತಿದ್ದಿ' ಸುಲಭ ಮಾಡಿಟ್ಟರೆ ಮೂಲ ಸಿಗುವುದು ಕಷ್ಟ. ನನ್ನ ಅನುವಾದದ ಕಸುಬಿನಲ್ಲೂ ನುಣುಪು ಮಾಡುವ ಆಸೆ ದಿನಾ ಕಾಡುತ್ತದೆ. ಇಪ್ಪತ್ತು ವರ್ಷ ರಿಯಾದಿನ ಬಿಸಿಲಲ್ಲಿ ದುಡಿದ ಕೈಯ ಮೇಲೆ ಬಣ್ಣ ಕಳೆದುಕೊಂಡ ಬಳೆಯನ್ನು ಕಿತ್ತು ಮಿರಮಿರ ಹೊಳೆಯುವ ಹೊಸ ಬಳೆ ಕೂರಿಸಿದರೆ, ಆ ಇಪ್ಪತ್ತು ವರ್ಷವನ್ನು ಎಲ್ಲಿಂದ ತರುತ್ತೀರಿ?

ಇನ್ನೊಂದು ಕಡೆಯಿಂದ ಅಪಾಯ ನಮ್ಮಂಥವರಿಂದಲೇ. ಎಸ್‌ಕೆಎಕ್ಸ್ ನಿಂತ ಮೇಲೆ ಅದರ ಬೆಲೆ ಏರುತ್ತ ಹೋಯಿತು. ಅಗ್ಗದ ವಾಚನ್ನು ಹತ್ತರಂತೆ ಕೊಂಡು ಪೆಟ್ಟಿಗೆಯಲ್ಲಿ ಪೇರಿಸುವುದು ಸಂಗ್ರಹವಲ್ಲ, ದಾಸ್ತಾನು. ಒಂದೋ ಎರಡೋ ಇರಲಿ, ಕೈಯಲ್ಲಿರಲಿ. ಉಳಿದ ಹಣ ರಿಪೇರಿಯವರಿಗೆ ಹೋಗಲಿ. ಇಲ್ಲಿ ಅವರನ್ನು ಹಿರಿಯರು ಘಡಿಸಾಜ್ ಎನ್ನುತ್ತಾರೆ. ಚೌಕಾಸಿಯಿಲ್ಲದೆ ಐನೂರು ರೂಪಾಯಿ ಕೊಡಲು ಮುಖ ಸಿಂಡರಿಸುವವರೇ ಆನ್‌ಲೈನಿನಲ್ಲಿ ಹಳೇ ಸೀಕೋಗೆ ಸಾವಿರಗಟ್ಟಲೆ ಸುರಿಯುವುದನ್ನು ನೋಡಿದ್ದೇನೆ. ಆಯಿಲ್ ಹಾಕಿ ಸರ್ವಿಸ್ ಮಾಡುವ ಕೈ ಇಲ್ಲದಿದ್ದರೆ ಈ ವಾಚುಗಳೆಲ್ಲ ಪೇಪರ್‌ವೇಟು.

ನನ್ನ ವಾಚು ನೋಡುವ ಘಡಿಸಾಜ್ ಪ್ರತಿ ಸಲವೂ ಹೇಳುವ ಮಾತು, "ಪಾನಿ ಮೇ ನಕ್ಕೋ ಡಾಲೋ ಭಾಯ್." ನೀರಿಗೆ ಹಾಕಬೇಡಿ. ಡಯಲ್ ಮೇಲೆ 200 ಮೀಟರ್ ಎಂದು ಬರೆದಿರಬಹುದು, ಒಳಗಿನ ರಬ್ಬರ್ ಒಣಗಿ ದಶಕಗಳಾಗಿರುತ್ತದೆ. ಹೊಸ ರಬ್ಬರ್ ಹಾಕಿ, ಒತ್ತಡದ ಪರೀಕ್ಷೆ ಮಾಡಿಸುವವರೆಗೆ ಅದನ್ನು ಮಳೆಗೂ ಒಡ್ಡಬಾರದು. ಹಾಗೆಯೇ ಕತ್ತಲಲ್ಲಿ ಹೊಳೆಯುವುದನ್ನೆಲ್ಲ ನಾವು 'ರೇಡಿಯಂ' ಎನ್ನುತ್ತೇವೆ, ಆಟೋ ಹಿಂದಿನ ಸ್ಟಿಕ್ಕರನ್ನೂ. ಗಲ್ಫಿನ ಸೀಕೋಗಳಲ್ಲಿ ರೇಡಿಯಂ ಇಲ್ಲ. ಆದರೆ ಐವತ್ತರ ದಶಕದ ಹಲವು ವಾಚುಗಳಲ್ಲಿ ನಿಜವಾದ ರೇಡಿಯಂ ಇತ್ತು, ಅವನ್ನು ನೀವೇ ಬಿಚ್ಚಿ ಕೆರೆಯಲು ಹೋಗಬೇಡಿ.

ಬೀರುವಿನಲ್ಲಿರುವ ಆ ಸೀಕೋವನ್ನು ರಿಪೇರಿಗೆ ಕೊಡುವುದಾದರೆ ಮೊದಲು ಹಿಂದೆ, ಮುಂದೆ ಫೋಟೊ ತೆಗೆದಿಟ್ಟುಕೊಳ್ಳಿ. ಮಷೀನು ಸರ್ವಿಸ್ ಮಾಡಿ, ರಬ್ಬರ್ ಬದಲಿಸಿ, ಡಯಲ್ಲು ಮುಳ್ಳು ಮುಟ್ಟಬೇಡಿ, ಪಾಲಿಶ್ ಬೇಡ ಎಂದು ಬಾಯಿಬಿಟ್ಟು ಹೇಳಿ. ಗಾಜು ಬದಲಿಸಲೇಬೇಕಾದರೆ ಬದಲಿಸಲಿ, ಹಳೆಯದನ್ನು ಒಂದು ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಬನ್ನಿ.