ಕಾಡಿಗೂ ಬಂದ ಕಣ್ಣು

ಪ್ರಭುತ್ವವು ಪ್ರಜೆಯ ಪ್ರತಿಯೊಂದು ಚಲನೆಯನ್ನೂ ಕಾಯುವ ಸಮಾಜ ಹೇಗಿರಬಹುದು ಎಂಬುದನ್ನು ಊಹಿಸಿ ಬರೆದ ಕಾದಂಬರಿಗಳಲ್ಲಿ ಮೂರು ಜಗತ್ಪ್ರಸಿದ್ಧವಾಗಿವೆ. ಆ ಮೂರಕ್ಕೂ ಸಮಾನವಾದ ಒಂದು ಅಂಶ ಮಲೆನಾಡಿನ ಓದುಗರಿಗೆ ಬೇಗ ಕಣ್ಣಿಗೆ ಬೀಳಬೇಕು. ಮೂರರಲ್ಲಿಯೂ ಕಾಡು ಪ್ರಭುತ್ವದ ಹಿಡಿತದ ಆಚೆಗಿದೆ.

ರಷ್ಯದ ಯೆವ್ಗೆನಿ ಜಮ್ಯಾತಿನ್ 1920–21ರಲ್ಲಿ ಬರೆದ ‘ನಾವು’ ಕಾದಂಬರಿಯ ನಗರದಲ್ಲಿ ಮನೆಗಳ ಗೋಡೆಗಳೆಲ್ಲ ಗಾಜಿನವು. ಪರದೆ ಇಳಿಸಿಕೊಳ್ಳಲು ಚೀಟಿ ಬೇಕು. ಆದರೆ ನಗರದ ಸುತ್ತ ಎದ್ದಿರುವ ಹಸಿರು ಗೋಡೆಯಾಚೆ ದಟ್ಟ ಕಾಡಿದೆ. ಅಲ್ಲಿ ಲೆಕ್ಕಕ್ಕೆ ಸಿಗದ ಮನುಷ್ಯರಿದ್ದಾರೆ. ಆಲ್ಡಸ್ ಹಕ್ಸ್‌ಲಿಯ 1932ರ ಕೃತಿಯಲ್ಲಿ ಸುಸಜ್ಜಿತ ಜಗತ್ತಿನಿಂದ ಬೇಲಿ ಹಾಕಿ ಬೇರ್ಪಡಿಸಿದ ಒಂದು ಒರಟು ಪ್ರದೇಶವಿದೆ. ಅಲ್ಲಿ ಹೆರುವುದು, ಮುಪ್ಪಾಗುವುದು, ದೇವರಿಗೆ ಕೈಮುಗಿಯುವುದು ಇನ್ನೂ ಉಳಿದಿವೆ. 1949ರಲ್ಲಿ ಪ್ರಕಟವಾದ ಜಾರ್ಜ್ ಆರ್ವೆಲ್‌ನ ‘1984’ರಲ್ಲಿ ನಾಯಕ ನಾಯಕಿಯರು ಮೊದಲು ಮನಬಿಚ್ಚಿ ಮಾತನಾಡುವುದು ಲಂಡನ್ ನಗರದ ಹೊರಗಿನ ಮರಗಳ ನಡುವೆ. ಅಲ್ಲಿ ಬಚ್ಚಿಟ್ಟ ಮೈಕ್ರೋಫೋನಿನ ಅಂಜಿಕೆ ಇದೆ, ನೋಡುವ ಪರದೆಯಿಲ್ಲ. ಇನ್ನೊಂದು ವಿವರವೂ ಗಮನಾರ್ಹ: ಆರ್ವೆಲ್‌ನ ರಾಜ್ಯದಲ್ಲಿ ಬಹುಪಾಲು ದುಡಿಯುವ ಬಡವರ ಮನೆಗಳಲ್ಲಿ ಆ ಪರದೆಯನ್ನು ಹಾಕಿಯೇ ಇಲ್ಲ. ಅವರು ನಿಗಾ ಇಡುವಷ್ಟು ಮುಖ್ಯರಲ್ಲವೆಂದು ಆ ಸರ್ಕಾರ ಭಾವಿಸಿದೆ.

ಭಾರತದ ಅನುಭವ ಇದಕ್ಕೆ ನೇರ ವಿರುದ್ಧವಾದುದು. ಇಲ್ಲಿ ಕಣ್ಗಾವಲು ಆರಂಭವಾದದ್ದೇ ಬಡವರಿಂದ ಮತ್ತು ಅಲೆಮಾರಿಗಳಿಂದ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಶಂಕಿತರೆಂದು ಬಗೆದು, ಹೆಸರು ನೋಂದಾಯಿಸಿ, ಹಾಜರಿ ಹಾಕಿಸಿ, ಊರು ಬಿಡಲು ರಹದಾರಿ ಕೇಳಿತು. ಹುಬ್ಬಳ್ಳಿಯಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ. ತಂತಿಬೇಲಿಯೊಳಗೆ ಜನರನ್ನು ಕೂಡಿಹಾಕಿದ್ದ ಕಾಲದ ಹೆಸರದು. ಆ ಕಾಯಿದೆ 1952ರಲ್ಲಿ ಹೋಯಿತು, ಅದರ ಹಿಂದಿನ ಮನೋಧರ್ಮ ಹೋಗಲಿಲ್ಲ. 2023ರ ಜನವರಿಯಲ್ಲಿ ಉದ್ಯೋಗ ಖಾತ್ರಿಯ ಕೂಲಿಕಾರರನ್ನು ದಿನಕ್ಕೆ ಎರಡು ಬಾರಿ ಸಾಲಾಗಿ ನಿಲ್ಲಿಸಿ ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸುವುದು ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದ ಬೆಟ್ಟದೂರುಗಳಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಗುತ್ತಿಗೆದಾರರ ಹಾಜರಿಯನ್ನು ಹೀಗೆ ತೆಗೆದ ಉದಾಹರಣೆ ಇಲ್ಲಿಯವರೆಗೆ ಯಾರ ಗಮನಕ್ಕೂ ಬಂದಂತಿಲ್ಲ.

ಈಗ ಕಾಡಿನ ಸರದಿ. ಇಲ್ಲಿ ಪರಿಸರ ಚಳವಳಿ ಕೈತೊಳೆದುಕೊಳ್ಳುವಂತಿಲ್ಲ, ಏಕೆಂದರೆ ಕಾಡಿಗೆ ಕ್ಯಾಮೆರಾ ಬೇಕೆಂದು ಕೇಳಿದವರಲ್ಲಿ ಅದೂ ಸೇರಿದೆ. ಕೇಳಿದ್ದಕ್ಕೆ ಬಲವಾದ ಕಾರಣವಿತ್ತು. ಹೆಜ್ಜೆಗುರುತು ಎಣಿಸುವ ಹಳೆಯ ಪದ್ಧತಿಯಲ್ಲಿ ಹುಲಿಗಳು ಕಡತದಲ್ಲಿ ಹೆಚ್ಚುತ್ತ, ಕಾಡಿನಲ್ಲಿ ಕರಗುತ್ತ ಹೋದವು; 2005ರ ವೇಳೆಗೆ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿರಲಿಲ್ಲ. ಹುಲಿಯ ಮೈಮೇಲಿನ ಪಟ್ಟೆಗಳು ಮನುಷ್ಯರ ಬೆರಳಚ್ಚಿನಂತೆ ಒಂದಕ್ಕಿಂತ ಒಂದು ಭಿನ್ನ ಎಂಬುದನ್ನು ಆಧರಿಸಿ, 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಬಳಸಿ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು ರೂಪಿಸಿದರು. ಅದು ಅಪ್ಪಟ ವಿಜ್ಞಾನ. 2018ರ ರಾಷ್ಟ್ರೀಯ ಗಣತಿಯ ಹೊತ್ತಿಗೆ 26,838 ತಾಣಗಳಲ್ಲಿ ಕ್ಯಾಮೆರಾಗಳನ್ನು ಕಟ್ಟಿ ಸುಮಾರು 3 ಕೋಟಿ 48 ಲಕ್ಷ ಚಿತ್ರಗಳನ್ನು ಸಂಗ್ರಹಿಸಲಾಯಿತು. ಅವುಗಳಲ್ಲಿ ಹುಲಿಯ ಚಿತ್ರಗಳು 76,651.

ಕ್ಯಾಮೆರಾಕ್ಕೆ ವಿವೇಚನೆಯಿಲ್ಲ. ಎದುರಿಗೆ ಬಿಸಿಮೈಯ ಜೀವಿಯೊಂದು ಸರಿದಾಡಿದರೆ ಸಾಕು, ಅದು ಕಣ್ಣು ತೆರೆಯುತ್ತದೆ. ಹುಲಿ ನಡೆಯುವ ಹಾದಿಯಲ್ಲಿಯೇ ಸೌದೆ ಹೊರೆ ಹೊತ್ತವರೂ ಜೇನು ಹುಡುಕುವವರೂ ನಡೆಯುತ್ತಾರೆ. ಹಾಗೆ ಸೆರೆಯಾದ ಮನುಷ್ಯರ ಚಿತ್ರಗಳು ಎಲ್ಲಿ ಸೇರುತ್ತವೆ, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?

ಈ ಪ್ರಶ್ನೆ ಊಹೆಯದಲ್ಲ. ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಹಳ್ಳಿಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 14 ತಿಂಗಳು ಓಡಾಡಿ, 270 ಜನರೊಡನೆ ಮಾತನಾಡಿ ನಡೆಸಿದ ಅಧ್ಯಯನವೊಂದು 2024ರ ನವೆಂಬರಿನಲ್ಲಿ ಪ್ರಕಟವಾಯಿತು. ಶೌಚಕ್ಕೆಂದು ಕಾಡಿಗೆ ಹೋಗಿದ್ದ ಹೆಣ್ಣುಮಗಳೊಬ್ಬಳ ಚಿತ್ರ ಕ್ಯಾಮೆರಾದಲ್ಲಿ ಸೆರೆಯಾಗಿ, ಅದನ್ನು ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿಯಬಿಡಲಾಗಿತ್ತು. ರೊಚ್ಚಿಗೆದ್ದ ಹಳ್ಳಿಯವರು ಹತ್ತಿರದ ಕ್ಯಾಮೆರಾಗಳನ್ನು ಒಡೆದುಹಾಕಿದರು. ಹುಲ್ಲು ಸೌದೆ ತರುವ ಹೆಂಗಸರನ್ನು ಬೆದರಿಸಲೆಂದೇ ಅವರ ತಲೆಯ ಮೇಲೆ ಡ್ರೋನ್ ಹಾರಿಸಿದ್ದೂ ಅಧ್ಯಯನದಲ್ಲಿ ದಾಖಲಾಗಿದೆ. ಅವರು ಹಾಗೆ ಹೋಗುತ್ತಿದ್ದುದು ಕಾನೂನು ಮಾನ್ಯ ಮಾಡಿದ ಹಕ್ಕಿನಿಂದ.

ಆ ವರದಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ ಹಾಡಿನದು. ಆ ಹೆಂಗಸರಿಗೆ ಕಾಡು ದುಡಿಮೆಯ ಜಾಗ ಮಾತ್ರವಾಗಿರಲಿಲ್ಲ. ಕುಡುಕ ಗಂಡಂದಿರಿಂದ, ಮನೆಯ ಬಿಗುವಿನಿಂದ ನಾಲ್ಕು ಗಳಿಗೆ ದೂರವಿದ್ದು, ಗೆಳತಿಯರೊಡನೆ ಗಟ್ಟಿಯಾಗಿ ನಗುತ್ತ ಹಾಡುತ್ತ ಇರಬಹುದಾಗಿದ್ದ ಒಂದೇ ತಾವು ಅದಾಗಿತ್ತು. ಗಟ್ಟಿ ದನಿಯ ಹಾಡಿಗೆ ಇನ್ನೊಂದು ಉಪಯೋಗವೂ ಇತ್ತು: ದನಿ ಕೇಳಿದ ಹುಲಿ ಸರಿದು ಹೋಗುತ್ತದೆ. ಕ್ಯಾಮೆರಾಗಳು ಬಂದ ಮೇಲೆ ಅವರು ದನಿ ತಗ್ಗಿಸಿದರು. ಕ್ಯಾಮೆರಾ ಇಲ್ಲದ, ಪರಿಚಯವಿಲ್ಲದ ಒಳಗಾಡಿನತ್ತ ಸರಿದರು. ಹುಲಿಯೊಡನೆ ಮುಖಾಮುಖಿಯಾಗುವ ಅಪಾಯ ಹೆಚ್ಚಿತು. ಹುಲಿಯನ್ನು ಕಾಯಲು ಕಟ್ಟಿದ ಯಂತ್ರ ಹುಲಿಗೂ ಮನುಷ್ಯರಿಗೂ ನಡುವೆ ತಲೆಮಾರುಗಳಿಂದ ಇದ್ದ ಒಂದು ಒಪ್ಪಂದವನ್ನೇ ಕೆಡಿಸಿತು. ಆರ್ವೆಲ್‌ನ ನಾಯಕ ಮುಖಭಾವವನ್ನು ಮರೆಸಿಕೊಳ್ಳುವಂತೆ ಇವರು ದನಿಯನ್ನು ಮರೆಸಿಕೊಂಡರು.

2021ರ ಫೆಬ್ರವರಿಯಲ್ಲಿ, ರೈತ ಚಳವಳಿಗೆ ಸಂಬಂಧಿಸಿದ ಒಂದು ‘ಟೂಲ್‌ಕಿಟ್’ ಕಡತಕ್ಕಾಗಿ ಬೆಂಗಳೂರಿನ ದಿಶಾ ರವಿ ಬಂಧನಕ್ಕೊಳಗಾದಾಗ ನಾಡಿನ ಪರಿಸರಾಸಕ್ತರು ದನಿಯೆತ್ತಿದರು, ಅದು ಸರಿಯೂ ಆಗಿತ್ತು. ಆದರೆ ತಲೆಹೊರೆಯ ಹೆಂಗಸರ ವಿಷಯದಲ್ಲಿ ಅಂತಹ ದನಿ ಕೇಳಲಿಲ್ಲ. ಕಾರ್ಯಕರ್ತರ ಮೇಲೆ ಬಿದ್ದ ಕಣ್ಣು ದಮನ, ಕಾಡಿನವರ ಮೇಲೆ ಬಿದ್ದದ್ದು ಸಂರಕ್ಷಣೆ ಎಂಬ ಭೇದ ಉಳಿದಿರುವವರೆಗೆ ಚಳವಳಿಯ ಮಾತಿಗೆ ಹಳ್ಳಿಯಲ್ಲಿ ಬೆಲೆ ಬರಲಾರದು.

ಕಾನೂನಿನ ಆಸರೆ ಇಲ್ಲದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅದರಲ್ಲಿ ಕೈಹಾಕಲು ಕಾನೂನಿನ ಬೆಂಬಲ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಕ್ರಮವು ಉದ್ದೇಶಕ್ಕೆ ತಕ್ಕ ಅಳತೆಯಲ್ಲಿರಬೇಕು. ಹುಲಿ ಎಣಿಸುವುದು ನ್ಯಾಯವಾದ ಉದ್ದೇಶವೇ. ಎಣಿಕೆ ಮುಗಿದ ಮೇಲೂ ಮನುಷ್ಯರ ಚಿತ್ರಗಳನ್ನು ಇಟ್ಟುಕೊಳ್ಳುವುದು ಯಾವ ಅಳತೆಗೂ ಹೊಂದುವುದಿಲ್ಲ.

ಇತ್ತ, ಪ್ರಜೆ ಸರ್ಕಾರವನ್ನು ನೋಡುವ ಕಿಟಕಿ ಕಿರಿದಾಗುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ತನಗೆ ಬೇಕಾದ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಅದೇ ಕಾಯಿದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ, 2025ರ ನವೆಂಬರಿನಿಂದ ‘ವೈಯಕ್ತಿಕ ಮಾಹಿತಿ’ ಎಂಬ ಒಂದೇ ಮಾತಿನಿಂದ ಅರ್ಜಿಯನ್ನು ತಳ್ಳಿಹಾಕಲು ದಾರಿ ಮಾಡಿತು. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡಬಹುದೆಂಬ 8(2)ನೆಯ ಕಲಮು ಉಳಿದಿದೆ ನಿಜ. ಅದಕ್ಕಾಗಿ ಎಷ್ಟು ಮೇಲ್ಮನವಿಗಳ ಮೆಟ್ಟಿಲು ಹತ್ತಬೇಕೋ ಗೊತ್ತಿಲ್ಲ. ಬೆಟ್ಟದ ನೆತ್ತಿಯಲ್ಲಿ ರೆಸಾರ್ಟಿಗೆ ಅನುಮತಿ ಕೊಟ್ಟ ಅಧಿಕಾರಿ ಯಾರೆಂಬುದು ವೈಯಕ್ತಿಕ ಮಾಹಿತಿಯಾಗಿ, ಸೊಪ್ಪಿಗೆ ಹೋದ ಹೆಂಗಸಿನ ಮುಖ ಸರ್ಕಾರಿ ಕಡತವಾಗುವ ವ್ಯವಸ್ಥೆಯನ್ನು ಆ ಮೂವರು ಕಾದಂಬರಿಕಾರರೂ ಕಲ್ಪಿಸಿಕೊಂಡಿರಲಿಲ್ಲ.

ಬೇಡಿಕೆಗಳು ದೊಡ್ಡವೇನಲ್ಲ. ಕ್ಯಾಮೆರಾ ಕಟ್ಟಿರುವ ಹಾದಿಯಲ್ಲಿ ಕನ್ನಡದ ಫಲಕವಿರಲಿ. ಮನುಷ್ಯರ ಚಿತ್ರಗಳನ್ನು ಗೊತ್ತಾದ ಅವಧಿಯೊಳಗೆ ಅಳಿಸಿ, ಅಳಿಸಿದ್ದನ್ನು ಗ್ರಾಮಸಭೆಗೆ ಲಿಖಿತವಾಗಿ ತಿಳಿಸಲಿ. 2006ರ ಅರಣ್ಯ ಹಕ್ಕು ಕಾಯಿದೆಯು ಕಾಡನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೂ ಕೊಟ್ಟಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ದೊರೆತಿದೆ. ಯಾವ ಹಾದಿಯಲ್ಲಿ ಹುಲಿ ನಡೆಯುತ್ತದೆ, ಯಾವ ಹಾದಿಯಲ್ಲಿ ಹೆಂಗಸರು ನಡೆಯುತ್ತಾರೆ, ಎಲ್ಲಿ ಎರಡೂ ಕೂಡುತ್ತವೆ ಎಂಬುದು ದಿನವೂ ಅಲ್ಲಿ ನಡೆಯುವವರಿಗೆ ತಿಳಿದಿದೆ. ಕ್ಯಾಮೆರಾ ಕಟ್ಟುವ ಮೊದಲು ಅವರನ್ನು ಕೇಳುವುದಕ್ಕೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ.